ಬ್ಯಾಟರಿಯನ್ನು ಹಿಂಬದಿಗೆ ಸರಿಸುವಾಗ ತಂತಿ ಜೋಡಣೆ

ಟ್ರ್ಯಾಕ್ಟರು, ಜೀಪು ಇಲ್ಲವೆ ಹಳೆಯ ಕಾರಿನ ಬ್ಯಾಟರಿಯನ್ನು ಮೂಲ ಸ್ಥಳದಿಂದ ತೆಗೆದು ಹಿಂಬದಿಗೆ ಸರಿಸುವುದಕ್ಕೆ ಕಾರಣಗಳು ಹಲವು. ಮುಂದೆ ಲೋಡರ್ ಜೋಡಿಸಿದಾಗ ಬ್ಯಾಟರಿಗೆ ಜಾಗ ಉಳಿಯುವುದಿಲ್ಲ. ರೇಡಿಯೇಟರಿನ ಮುಂದೆ ಕೂತ ಬ್ಯಾಟರಿಯಿಂದ ಹೊಟ್ಟು, ಧೂಳು ತೆಗೆಯಲು ತೊಡಕಾಗುತ್ತದೆ. ಮೂಲ ತಟ್ಟೆಯಲ್ಲಿ ಹಿಡಿಸದ ದೊಡ್ಡ ಬ್ಯಾಟರಿ ತಂದವರಿದ್ದಾರೆ. ಕಳ್ಳರ ಕಾಟಕ್ಕೆ ಬೀಗದ ಪೆಟ್ಟಿಗೆಯಲ್ಲಿಡುವವರೂ ಇದ್ದಾರೆ.

ಬೇಸಾಯಶಾಸ್ತ್ರದವರಿಗೆ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಹದಮಳೆ ಬಿದ್ದ ಮೇಲೆ ಮಳೆಯಾಶ್ರಿತ ಜಮೀನಿನಲ್ಲಿ ಬಿತ್ತನೆಗೆ ಸಿಗುವುದು ಕೆಲವೇ ದಿನ. ಆ ಬೆಳಗ್ಗೆ ಸೆಲ್ಫ್ ತಿರುಗದಿದ್ದರೆ ಹದ ಕಾಯುತ್ತ ಕೂರುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಬೆಂಕಿಯದು. ಕಣದಲ್ಲಿ, ಬಣವೆಯ ಪಕ್ಕದಲ್ಲಿ ನಿಲ್ಲುವ ಯಂತ್ರದ ತಂತಿ ಹೊತ್ತಿಕೊಂಡರೆ ಟ್ರ್ಯಾಕ್ಟರಿನ ಜೊತೆಗೆ ವರ್ಷದ ಮೇವೂ ಹೋಗುತ್ತದೆ.

ಮೊದಲು, ಸರಿಸುವುದು ಅಗತ್ಯವೇ ಎಂದು ಯೋಚಿಸಬೇಕು. ಟ್ರ್ಯಾಕ್ಟರ್ ಬ್ಯಾಟರಿಯ ತೂಕ ಸುಮಾರು 20ರಿಂದ 30 ಕಿಲೋ. ಅದು ಮುಂಭಾಗದಲ್ಲಿದ್ದರೆ ಟ್ರೇಲರ್ ಎಳೆಯುವಾಗ ಮುಂದಿನ ಚಕ್ರ ನೆಲ ಬಿಡದಂತೆ ತಡೆಯುವುದರಲ್ಲಿ ಅದರ ಪಾಲೂ ಇರುತ್ತದೆ. ಲೋಡರ್ ಇಲ್ಲದ ಟ್ರ್ಯಾಕ್ಟರಿನಲ್ಲಿ, ಧೂಳು ತೆಗೆಯಲು ಅಡ್ಡಿ ಎಂಬ ಒಂದೇ ಕಾರಣಕ್ಕೆ ಸ್ಥಳ ಬದಲಿಸುವುದು ನನಗೆ ಸರಿ ಕಾಣುವುದಿಲ್ಲ. ತಟ್ಟೆಯ ಬೋಲ್ಟ್ ಬಿಚ್ಚಿ ವಾರಕ್ಕೊಮ್ಮೆ ರೇಡಿಯೇಟರ್ ಊದುವುದು ಅಗ್ಗದ ಕೆಲಸ.

12 ವೋಲ್ಟಿನ ಬಲ

12 ವೋಲ್ಟ್ ಮುಟ್ಟಿದರೆ ಷಾಕ್ ಹೊಡೆಯುವುದಿಲ್ಲವಾದ್ದರಿಂದ ಅದು ನಿರಪಾಯಕಾರಿ ಎಂಬ ಭಾವನೆ ಬಲವಾಗಿದೆ. ಹೋಲಿಸಿ ನೋಡಿ: 5 ಅಶ್ವಶಕ್ತಿಯ ಮೂರು ಫೇಸಿನ ಪಂಪ್‌ಸೆಟ್ಟು ಓಡುವಾಗ ಪ್ರತಿ ತಂತಿಯಲ್ಲಿ ಹರಿಯುವುದು ಸುಮಾರು 8 ಆಂಪಿಯರ್. ಟ್ರ್ಯಾಕ್ಟರಿನ ಸ್ಟಾರ್ಟರ್ ಮೋಟಾರು ಎಂಜಿನ್ನನ್ನು ತಿರುಗಿಸುವಾಗ 200ರಿಂದ 400 ಆಂಪಿಯರ್ ಎಳೆಯುತ್ತದೆ. ಪಾಸಿಟಿವ್ ತಂತಿ ನೇರವಾಗಿ ಕಬ್ಬಿಣಕ್ಕೆ ತಗುಲಿದರೆ ಒಳ್ಳೆಯ ಬ್ಯಾಟರಿ 1000 ಆಂಪಿಯರಿಗೂ ಮೀರಿ ಹರಿಸಬಲ್ಲದು. ಸ್ಪ್ಯಾನರ್ ಬೆಸೆದುಕೊಳ್ಳಲು ಅಷ್ಟು ಸಾಕು. ಮನೆಯ ಬೋರ್ಡಿನಲ್ಲಿರುವಂತೆ ಇಲ್ಲಿ ತಾನಾಗಿ ಬೀಳುವ ಸ್ವಿಚ್ಚು ಇರುವುದಿಲ್ಲ. ಹಳೆಯ ಯಂತ್ರಗಳಲ್ಲಿ ಸ್ಟಾರ್ಟರಿನ ತಂತಿಗೆ ಸಾಮಾನ್ಯವಾಗಿ ಫ್ಯೂಸೂ ಇರುವುದಿಲ್ಲ. ಬ್ಯಾಟರಿ ಸ್ಟಾರ್ಟರಿನ ಹತ್ತಿರವಿದ್ದಾಗ ತಂತಿ ಗಿಡ್ಡ, ಉಜ್ಜುವ ಜಾಗ ಕಡಮೆ. ಹಿಂಬದಿಗೆ ಸರಿಸಿದೊಡನೆ ಅದೇ ತಂತಿ ಎರಡು ಮೂರು ಮೀಟರ್ ಉದ್ದವಾಗಿ ಕಬ್ಬಿಣದ ಅಂಚುಗಳ ಮೇಲೆ ಸಾಗುತ್ತದೆ. ಅಪಾಯ ಇಲ್ಲಿಂದಲೇ ಶುರು.

ತಂತಿಯ ದಪ್ಪ

ಬಾವಿಯಿಂದ ದೂರದ ಹೊಲಕ್ಕೆ ಸಣ್ಣ ಪೈಪು ಹಾಕಿದರೆ ತುದಿಯಲ್ಲಿ ನೀರಿನ ಒತ್ತಡ ಕುಸಿಯುವುದು ಎಲ್ಲರಿಗೂ ಗೊತ್ತು. ತಂತಿಯಲ್ಲಿ ವೋಲ್ಟೇಜು ಕುಸಿಯುವುದೂ ಹಾಗೆಯೇ. 300 ಆಂಪಿಯರ್ ಹರಿಯುವಾಗ 3 ಮೀಟರ್ ಉದ್ದದ, 25 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಸುಮಾರು 0.6 ವೋಲ್ಟ್ ನಷ್ಟವಾಗುತ್ತದೆ. 50 ಚದರ ಮಿ.ಮೀ. ಆದರೆ 0.3, 70 ಆದರೆ 0.2 ವೋಲ್ಟ್. ಮನೆಯಲ್ಲಿ ಉಳಿದಿದೆ ಎಂದು ಪಂಪಿನ 6 ಚದರ ಮಿ.ಮೀ. ಕೇಬಲ್ ಹಾಕಿದರೆ ಎರಡೂವರೆ ವೋಲ್ಟಿಗೂ ಹೆಚ್ಚು ತಂತಿಯಲ್ಲೇ ಶಾಖವಾಗಿ ಹೋಗುತ್ತದೆ. ಸೆಲ್ಫ್ ತಿಣುಕುತ್ತದೆ, ಕೇಬಲ್ಲಿನ ಹೊದಿಕೆ ಕರಗುತ್ತದೆ.

ಆದ್ದರಿಂದ ಟ್ರ್ಯಾಕ್ಟರಿಗೆ 50ಕ್ಕೆ ಕಡಮೆಯಿಲ್ಲದ, ಸಾಧ್ಯವಾದರೆ 70 ಚದರ ಮಿ.ಮೀ. ತಾಮ್ರದ ಕೇಬಲ್ ಬಳಸತಕ್ಕದ್ದು. ಸಣ್ಣ ಪೆಟ್ರೋಲ್ ಕಾರಿಗೆ 35 ಸಾಕಾಗುತ್ತದೆ. ನವಿರಾದ ಎಳೆಗಳುಳ್ಳ ವೆಲ್ಡಿಂಗ್ ಕೇಬಲ್ ಬಾಗುವುದು ಸುಲಭ, ಅದುರುವಿಕೆಗೂ ತಾಳುತ್ತದೆ. ಆದರೆ ಕೊಳ್ಳುವಾಗ ತುದಿ ಕೆರೆದು ನೋಡಿ. ಅಲ್ಯುಮಿನಿಯಮ್ ಎಳೆಗೆ ತಾಮ್ರದ ಲೇಪ ಕೊಟ್ಟ ಕೇಬಲ್ಲೂ ಮಾರಾಟವಾಗುತ್ತದೆ. ಅಲ್ಯುಮಿನಿಯಮ್ಮಿನ ತಡೆ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು, ಎಳೆಗಳೂ ಬೇಗ ಮುರಿಯುತ್ತವೆ. ತುದಿಯ ಲಗ್ಗನ್ನು ಸುತ್ತಿಗೆಯಿಂದ ಜಜ್ಜಬಾರದು. ಒತ್ತುವ ಉಪಕರಣವಿರುವ ಎಲೆಕ್ಟ್ರಿಷಿಯನ್ನನಲ್ಲಿ ಒತ್ತಿಸಬೇಕು. ಬರೀ ಬೆಸುಗೆಯನ್ನು ನಂಬುವಂತಿಲ್ಲ, ಬಿಸಿಯಾದಾಗ ಸಡಿಲವಾಗುತ್ತದೆ.

ಫ್ಯೂಸು

ಹಿಂಬದಿಯ ಬ್ಯಾಟರಿಗೆ ಫ್ಯೂಸಿಲ್ಲದೆ ಉದ್ದದ ತಂತಿ ಎಳೆಯಲೇಬಾರದು. ಫ್ಯೂಸಿನ ಸ್ಥಳ ಪಾಸಿಟಿವ್ ಟರ್ಮಿನಲಿನಿಂದ ಒಂದು ಗೇಣಿನೊಳಗೆ. ಸ್ಟಾರ್ಟರಿನ ಕಡೆಯ ತುದಿಯಲ್ಲಿ ಹಾಕಿದ ಫ್ಯೂಸು ದಾರಿಯಲ್ಲಿ ತಗುಲಿದ ತಂತಿಯನ್ನು ಕಾಯುವುದಿಲ್ಲ. ಬೋಲ್ಟಿನಿಂದ ಬಿಗಿಯುವ, ನಿಧಾನವಾಗಿ ಕರಗುವ ದೊಡ್ಡ ಫ್ಯೂಸುಗಳು 500 ಆಂಪಿಯರಿನವರೆಗೆ ಸಿಗುತ್ತವೆ. ಅದು ಸ್ಟಾರ್ಟರ್ ಎಳೆಯುವ ಕರೆಂಟನ್ನು ಕೆಲ ಸೆಕೆಂಡು ತಾಳಬೇಕು, ಆದರೆ ಕೇಬಲ್ ಸುಡುವ ಮೊದಲೇ ಕರಗಬೇಕು. ಸ್ಟಾರ್ಟರಿನ ಅಳತೆ, ಕೇಬಲ್ಲಿನ ದಪ್ಪ ಎರಡನ್ನೂ ತಿಳಿಸಿ ಆರಿಸಿಕೊಳ್ಳಿ. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವ ಅಭ್ಯಾಸ ಪಂಪ್‌ಸೆಟ್ಟಿನ ಬೋರ್ಡಿನಲ್ಲೇ ಕೆಟ್ಟದ್ದು, ಇಲ್ಲಿ ಇನ್ನೂ ಕೆಟ್ಟದ್ದು.

ಕೇಬಲ್ಲನ್ನು ಸೈಲೆನ್ಸರ್, ಡೀಸೆಲ್ ಪೈಪು, ಹೈಡ್ರಾಲಿಕ್ ಪೈಪು, ಪಿ.ಟಿ.ಓ. ಶಾಫ್ಟುಗಳಿಂದ ದೂರವಾಗಿ ಒಯ್ದು ಒಂದೊಂದು ಅಡಿಗೆ ಕ್ಲಾಂಪ್ ಹಾಕಬೇಕು. ತಗಡಿನ ತೂತಿನಲ್ಲಿ ತೂರಿಸುವಲ್ಲಿ ರಬ್ಬರ್ ಬಳೆ ಕಡ್ಡಾಯ. ಮೇಲೊಂದು ಪೈಪಿನ ಹೊದಿಕೆ ಇದ್ದರೆ ಒಳ್ಳೆಯದು. ಹನಿ ನೀರಾವರಿಯ ಹಳೆಯ ಕರಿ ಪೈಪೂ ಆದೀತು, ಬಿಸಿ ತಾಗುವ ಕಡೆ ಮಾತ್ರ ಬೇಡ. ಕೆಲಸವಿಲ್ಲದ ತಿಂಗಳುಗಳಲ್ಲಿ ಶೆಡ್ಡಿನಲ್ಲಿ ನಿಂತ ಟ್ರ್ಯಾಕ್ಟರಿನ ತಂತಿಯನ್ನು ಇಲಿ ಕಡಿಯುವುದುಂಟು. ಹಂಗಾಮಿಗೆ ಮೊದಲು ಕೇಬಲ್ಲನ್ನು ತುದಿಯಿಂದ ತುದಿಗೆ ನೋಡಿ.

ನೆಗೆಟಿವ್ ಕಡೆ

ಪಾಸಿಟಿವ್ ಕೇಬಲ್ಲಿಗೆ ಹಣ ಸುರಿದು ಅರ್ತನ್ನು ಮರೆಯುವವರೇ ಹೆಚ್ಚು. ಹೋದ ಕರೆಂಟೆಲ್ಲ ಮರಳಿ ಬರಬೇಕು. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಎಂಜಿನ್, ಗೇರ್ ಪೆಟ್ಟಿಗೆ, ಹಿಂದಿನ ಆಕ್ಸಲ್ ಒಂದಕ್ಕೊಂದು ಬೋಲ್ಟಾಗಿ ಒಂದೇ ಎರಕದ ದಿಮ್ಮಿಯಂತಿರುತ್ತವೆ. ಅಲ್ಲಿ ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ದಪ್ಪ ಗಿಡ್ಡ ತಂತಿ ಬಿಗಿದರೆ ಸಾಕು. ಜೀಪು, ಕಾರಿನಲ್ಲಿ ಹಾಗಲ್ಲ. ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟು ಹರಿಯದು. ಹಿಂದೆ ಚಾಸಿಗೆ ಅರ್ತ್ ಕೊಟ್ಟರೆ ಮುಂದೆ ಚಾಸಿಯಿಂದ ಎಂಜಿನ್ನಿಗೂ ಅಷ್ಟೇ ದಪ್ಪದ ಪಟ್ಟಿ ಬೇಕು. ಅದಿಲ್ಲದಿದ್ದರೆ 300 ಆಂಪಿಯರ್ ಆಕ್ಸಿಲರೇಟರಿನ ತಂತಿ, ಕ್ಲಚ್ಚಿನ ತಂತಿಗಳಲ್ಲಿ ದಾರಿ ಹುಡುಕುತ್ತದೆ. ಅವು ಕೆಂಪಗೆ ಕಾದು ಸುಡುತ್ತವೆ.

ಡೈನಮೋದಿಂದ ಸ್ಟಾರ್ಟರಿನ ಬೋಲ್ಟಿಗೆ ಬರುವ ತಂತಿಯನ್ನು ಇದ್ದಲ್ಲೇ ಬಿಡಿ; ಚಾರ್ಜು ಹೊಸ ಕೇಬಲ್ಲಿನಲ್ಲೇ ಹಿಂದಕ್ಕೆ ಬರುತ್ತದೆ.

ಪೆಟ್ಟಿಗೆ ಮತ್ತು ಗಾಳಿ

ಚಾರ್ಜಾಗುವಾಗ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಒಂದು ಕಿಡಿಗೆ ಸಿಡಿಯುತ್ತದೆ. ಹಗುರ ಅನಿಲವಾದ್ದರಿಂದ ಪೆಟ್ಟಿಗೆಗೆ ಮೇಲ್ಭಾಗದಲ್ಲಿ ಗಾಳಿಕಿಂಡಿ ಇರಲೇಬೇಕು. ಕಾರಿನ ಒಳಗಾದರೆ ಮುಚ್ಚಳವಿರುವ ಪೆಟ್ಟಿಗೆ ಮಾಡಿ ಅನಿಲವನ್ನು ಪೈಪಿನಿಂದ ಹೊರಕ್ಕೆ ಬಿಡಬೇಕು, ಪೆಟ್ರೋಲ್ ಟ್ಯಾಂಕಿನ ಪಕ್ಕ ಇಡಬಾರದು. ಬ್ಯಾಟರಿ ಅಲುಗದಂತೆ ಪಟ್ಟಿ ಬಿಗಿದು, ಪಾಸಿಟಿವ್ ಟರ್ಮಿನಲಿಗೆ ರಬ್ಬರ್ ಟೋಪಿ ಹಾಕಿ. ಸ್ಪ್ಯಾನರ್, ಹಿಚ್ ಪಿನ್ನುಗಳಿರುವ ಕಬ್ಬಿಣದ ಪೆಟ್ಟಿಗೆಯಲ್ಲೇ ಬ್ಯಾಟರಿ ಕೂರಿಸುವುದನ್ನು ಕಾಣುತ್ತೇವೆ. ಅದಕ್ಕಿಂತ ಸುಲಭವಾಗಿ ಬೆಂಕಿ ತರಿಸುವ ಏರ್ಪಾಡು ಇಲ್ಲ.

ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ಅದು ಕೊನೆಗೆ. ನೆಗೆಟಿವ್ ಬಿಚ್ಚಿದ್ದರೆ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿಯಿಲ್ಲ. ಬಾಡಿಗೆ ಪಾಸಿಟಿವ್ ಕೊಟ್ಟ ಕೆಲವು ಹಳೆಯ ವಾಹನಗಳಿವೆ, ಅಲ್ಲಿ ಕ್ರಮ ತಿರುವುಮುರುವು. ಧ್ರುವ ಅದಲುಬದಲಾದರೆ ಆಲ್ಟರ್ನೇಟರಿನ ಡಯೋಡುಗಳು ಆ ಕ್ಷಣವೇ ಸುಡುತ್ತವೆ. ಆಮ್ಲ ಕಣ್ಣಿಗೆ ಸಿಡಿದರೆ ಶುದ್ಧ ನೀರಿನಿಂದ 15 ನಿಮಿಷಕ್ಕೆ ಕಡಮೆಯಿಲ್ಲದೆ ತೊಳೆದು ವೈದ್ಯರ ಬಳಿ ಹೋಗಬೇಕು.

ಕೆಲಸ ಮುಗಿದ ಮೇಲೆ ವೋಲ್ಟ್ ಮೀಟರಿನಿಂದ ಪರೀಕ್ಷಿಸಿ. ಡೀಸೆಲ್ ಸ್ಟಾಪ್ ಎಳೆದು ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸ್ಟಾರ್ಟರ್ ಬೋಲ್ಟಿಗೆ, ಆಮೇಲೆ ನೆಗೆಟಿವ್ ಕಂಬದಿಂದ ಎಂಜಿನ್ ಎರಕಕ್ಕೆ ಹಿಡಿಯಿರಿ. ಎರಡೂ ಕಡೆ ಅರ್ಧ ವೋಲ್ಟಿನೊಳಗಿರಬೇಕು. ಹೆಚ್ಚು ಬಂದ ಕಡೆ ಲಗ್ಗು ಸಡಿಲವೋ, ಬಣ್ಣ ಉಳಿದಿದೆಯೋ ನೋಡಿ. ಟ್ರ್ಯಾಕ್ಟರಿಗೆ ವೆಲ್ಡಿಂಗ್ ಮಾಡಿಸುವ ದಿನ ಬ್ಯಾಟರಿಯ ಎರಡೂ ತಂತಿ ಬಿಚ್ಚಿಡಿ.