ಕಲಬುರಗಿಯಲ್ಲಿ ನೋಡತಕ್ಕ ಭೌತಶಾಸ್ತ್ರ

ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಯನ್ನು ಇತಿಹಾಸದ ಪಾಠವೆಂದಷ್ಟೇ ನೋಡಿ ಹಿಂದಿರುಗುವವರು ಬಹಳ. ನಮ್ಮ ದೃಷ್ಟಿಯಲ್ಲಿ ಅದು ಬಲಶಾಸ್ತ್ರದ ಪಾಠವೂ ಹೌದು. ಬಹಮನಿಯರ ಕಾಲದಲ್ಲಿ, 1367ರಲ್ಲಿ ಕಟ್ಟಿದ ಈ ಮಸೀದಿ ಸುಮಾರು 216 ಅಡಿ ಉದ್ದ, 176 ಅಡಿ ಅಗಲವಿದೆ. ಇಲ್ಲಿ ತೆರೆದ ಅಂಗಳವಿಲ್ಲ, ಎಲ್ಲಕ್ಕೂ ಮೇಲ್ಛಾವಣಿಯುಂಟು. ಇಷ್ಟು ಭಾರವನ್ನು ಕಮಾನುಗಳು ಹೊರುವುದು ಹೇಗೆ?

ಕಲ್ಲು ಒತ್ತಡವನ್ನು ತಾಳಬಲ್ಲುದು. ಎಳೆತವನ್ನು ಅಷ್ಟಾಗಿ ತಾಳದು. ಕಲ್ಲಿನ ತೊಲೆಯ ಮೇಲೆ ಭಾರ ಬಿದ್ದಾಗ ಅದರ ಕೆಳಮೈ ಎಳೆತಕ್ಕೊಳಗಾಗಿ ಬಿರುಕುಬಿಡಬಹುದು. ಕಮಾನಿನಲ್ಲಾದರೋ ಪ್ರತಿ ಕಲ್ಲೂ ನೆರೆಯ ಕಲ್ಲನ್ನು ಒತ್ತುತ್ತ ಭಾರವನ್ನು ಕಂಬಕ್ಕೆ ಸಾಗಿಸುತ್ತದೆ. ಸರಪಳಿಯೊಂದರ ಎರಡು ತುದಿಗಳನ್ನು ಹಿಡಿದು ಇಳಿಬಿಡಿರಿ. ಆ ಆಕಾರವನ್ನೇ ತಲೆಕೆಳಗು ಮಾಡಿದರೆ ಕಮಾನಿನ ಆಕಾರ ದೊರೆಯುವುದೆಂದು 1675ರಲ್ಲಿ ರಾಬರ್ಟ್ ಹುಕ್ ಸೂಚಿಸಿದನು. ಕಲಬುರಗಿಯ ಶಿಲ್ಪಿಗಳು ಅವನಿಗಿಂತ ಮೂರು ಶತಮಾನ ಹಿಂದಿನವರು!

ಆದರೆ ಕಮಾನು ತನ್ನ ಆಧಾರಗಳನ್ನು ಹೊರಕ್ಕೂ ನೂಕುತ್ತದೆ. ಅಗಲ ಹೆಚ್ಚಿ ಎತ್ತರ ತಗ್ಗಿದಷ್ಟೂ ಈ ನೂಕು ಹೆಚ್ಚು. ಬದಿಯ ಮೊಗಸಾಲೆಗಳಲ್ಲಿ ಗಿಡ್ಡ ಆಧಾರಗಳ ಮೇಲೆದ್ದ ವಿಶಾಲ ಕಮಾನುಗಳನ್ನು ನೋಡಿರಿ. ಸಾಲಿನ ನಡುವೆ ಅಕ್ಕಪಕ್ಕದ ನೂಕುಗಳು ಪರಸ್ಪರ ಎದುರಾಗಿ ಸರಿಹೋಗುತ್ತವೆ. ಕೊನೆಯಲ್ಲಿ ಮೂಲೆಯ ಕಟ್ಟಡದ ತೂಕವೇ ತಡೆಯಬೇಕು. ಒಂದು ಆಧಾರ ಸಡಿಲಿದರೆ ನೆರೆಯ ಕಮಾನುಗಳಿಗೂ ಅಪಾಯ. ಕಂಬದ ಮೇಲೆ ಹೆಸರು ಕೆತ್ತಲು ಹವಣಿಸುವ ಗೆಳೆಯರಿಗೆ ಇದನ್ನು ತಿಳಿಸಿರಿ.

ಸಮಯವಿದ್ದರೆ ಹುಮನಾಬಾದ್ ದಾರಿಯ ಕಮಲಾಪುರಕ್ಕೂ ಹೋಗಿಬನ್ನಿರಿ. ಅಲ್ಲಿಯ ಕೆಂಪು ಬಾಳೆಹಣ್ಣು ಹೆಸರಾದುದು. ಅದನ್ನು ಗಾಢ ಹಸಿರು ಗಾಜಿನ ಮೂಲಕ ನೋಡಿದರೆ ಸಿಪ್ಪೆ ಕಪ್ಪಾಗಿ ಕಾಣುತ್ತದೆ. ಏಕೆಂಬುದನ್ನು ಹಣ್ಣು ಸುಲಿಯುವ ಮೊದಲೇ ಯೋಚಿಸಿರಿ.