ಕೊಲ್ಲುವ ಹುಳಕ್ಕೆ ಕುಲಗೋತ್ರ

ನಮ್ಮ ಕವಿಗಳ ದುಂಬಿಗೂ ತೋಟಗಾರರ ದುಂಬಿಗೂ ಹೆಸರಿನ ಹೊರತು ಬೇರೆ ನಂಟಿಲ್ಲ. ಹಳಗನ್ನಡದ ‘ತುಂಬಿ’ಯೇ ಮುಂದೆ ದುಂಬಿಯಾದದ್ದು, ತಾವರೆಯ ಸುತ್ತ ಮೊರೆಯುವುದು, ಮಕರಂದವನ್ನು ಹೀರುವುದು, ಇವೇ ಕಾವ್ಯದಲ್ಲಿ ಅದರ ಕಾಯಕ. ವಿಜ್ಞಾನವನ್ನು ಕನ್ನಡಕ್ಕೆ ತರಹೊರಟವರು ಗಟ್ಟಿ ಚಿಪ್ಪಿನಂಥ ಮೇಲ್ರೆಕ್ಕೆಯುಳ್ಳ ಹುಳುಗಳ ಮಹಾಕುಲಕ್ಕೆಲ್ಲ ಆ ಹೆಸರನ್ನೇ ಹಂಚಿಬಿಟ್ಟರು. ಹೀಗಾಗಿ ತೆಂಗಿನ ಎಳೆಯ ಸುಳಿಯನ್ನು ಕೊರೆದು ಅದರ ರಸವನ್ನು ಹೀರುವ ಕಪ್ಪು ಕೀಟವೂ ದುಂಬಿಯೆನಿಸಿತು. ಕರಾವಳಿಯವರು ಇದನ್ನು ಕುರುವಾಯಿ ಎನ್ನುತ್ತಾರೆ. ಪುಸ್ತಕದವರಿಗೆ ಇದು ಖಡ್ಗಮೃಗದ ದುಂಬಿ.

ಖಡ್ಗಮೃಗದ ಹೋಲಿಕೆ ಇಂದಿನದಲ್ಲ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಇದಕ್ಕೆ ಇಟ್ಟ ಹೆಸರು ಸ್ಕಾರಬೇಯಸ್ ರೈನೋಸೆರಸ್. ತಲೆಯ ಮೇಲೆ ಹಿಂದಕ್ಕೆ ಬಾಗಿದ ಒಂಟಿ ಕೊಂಬು ಗಂಡಿಗೂ ಉಂಟು, ಹೆಣ್ಣಿಗೂ ಉಂಟು. ಗಂಡಿನದು ಸಾಮಾನ್ಯವಾಗಿ ಉದ್ದ. ಹೆಣ್ಣನ್ನು ಗುರುತಿಸಬೇಕಾದರೆ ಹೊಟ್ಟೆಯ ತುದಿಯಲ್ಲಿರುವ ಕೆಂಗಂದು ರೋಮದ ಕುಚ್ಚನ್ನು ನೋಡಬೇಕು. ತರುವಾಯ ಬಂದ ಪಂಡಿತರು ಇದನ್ನು ‘ಓರಿಕ್ಟೀಸ್’ ಎಂಬ ಬೇರೆ ಜಾತಿಗೆ ಸೇರಿಸಿದರು. ಗ್ರೀಕಿನಲ್ಲಿ ಅದಕ್ಕೆ ಅಗೆಯುವವನು ಎಂದರ್ಥ. ಒಂದು ಪದ ರೂಪವನ್ನು ಹೇಳಿತು, ಇನ್ನೊಂದು ಕೃತ್ಯವನ್ನು ಹೇಳಿತು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಎರಡೂ ಅನ್ವರ್ಥನಾಮಗಳೇ. ಇದೇ ಜಾತಿಗೆ ಸೇರಿದ ಯುರೋಪಿನ ದಾಯಾದಿಯೊಂದು ಕೊಳೆತ ಮರದಲ್ಲಿ ಬೆಳೆಯುತ್ತದೆ. ಆಫ್ರಿಕದ ದಾಯಾದಿ ಅಲ್ಲಿಯ ತೆಂಗನ್ನು ಕಾಡುತ್ತದೆ. ಇವೆಲ್ಲವನ್ನೂ ಒಳಗೊಂಡ ಹಿರಿಯ ವಂಶದಲ್ಲಿ ಸಗಣಿಯನ್ನು ಉಂಡೆಮಾಡಿ ಉರುಳಿಸುವ ಬಡಪಾಯಿ ಹುಳುವೂ ಇದೆ.

ಇಷ್ಟೆಲ್ಲ ವಂಶಾವಳಿ ಯಾರಿಗೆ ಬೇಕು ಎಂದು ಓದುಗರು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ, ತಿಪಟೂರಿನ ಕಡೆಯ ತೆಂಗಿನ ಬೆಳೆಗಾರರು, ಇದನ್ನೇ ಕೇಳಿದ್ದರು: “ಕೊಲ್ಲೋ ಹುಳಕ್ಕೆ ಕುಲಗೋತ್ರ ಯಾಕೆ ಮೇಷ್ಟ್ರೇ?” ಪ್ರಶ್ನೆ ಚೆನ್ನಾಗಿಯೇ ಇದೆ. ಆದರೆ ಅವರ ತೋಟದಲ್ಲಿಯೇ ಅದಕ್ಕೆ ಉತ್ತರವೂ ಇದೆ.

ಕೊಂಬಿನ ದುಂಬಿಯಲ್ಲಿ ಮರಕ್ಕೆ ಕೇಡುಮಾಡುವುದು ಬೆಳೆದ ಹುಳು. ಸುಳಿಯೊಳಗೆ ಮಡಿಸಿಕೊಂಡಿರುವ ಎಳೆಗರಿಯನ್ನು ಅದು ಕೊರೆಯುತ್ತದೆ. ಮುಂದೆ ಆ ಗರಿ ಬಿಚ್ಚಿಕೊಂಡಾಗ ಕತ್ತರಿಯಿಂದ ಓರೆಯಾಗಿ ಕತ್ತರಿಸಿದಂತೆ ಕಾಣುತ್ತದೆ. ಅದರ ಮರಿಯಾದರೋ ಮರದ ತಂಟೆಗೇ ಹೋಗುವುದಿಲ್ಲ. ತಿಪ್ಪೆಯಲ್ಲಿ, ಕೊಳೆತ ತೆಂಗಿನ ಬೊಡ್ಡೆಯಲ್ಲಿ ಬೆಳ್ಳಗೆ ದಪ್ಪಗೆ ಸುರುಳಿಸುತ್ತಿಕೊಂಡು ಬಿದ್ದಿರುತ್ತದೆ. ಕೆಂಪು ಮೂತಿಹುಳುವಿನದು ಬೇರೆಯೇ ವಂಶ, ಬೇರೆಯೇ ನಡತೆ. ಅಲ್ಲಿ ಕೊಲೆಗಾರ ಮರಿಯೇ. ಕಾಂಡದ ಒಳಗೇ ಇದ್ದು ತಿನ್ನುತ್ತದೆ. ಹೊರಗೆ ಗುರುತು ಕಾಣುವ ವೇಳೆಗೆ ಮರ ಬಹುಮಟ್ಟಿಗೆ ಕೈಬಿಟ್ಟಿರುತ್ತದೆ. ಕೊಂಬಿನ ದುಂಬಿ ಮಾಡಿದ ಗಾಯದಲ್ಲಿಯೇ ಮೂತಿಹುಳು ಬಂದು ಮೊಟ್ಟೆಯಿಡುವುದೂ ಉಂಟು. ಇನ್ನು ಮಲೆನಾಡಿನ ಅಡಕೆಯ ಬೇರನ್ನು ತಿನ್ನುವ ಗೊಣ್ಣೆಹುಳು ನೋಟಕ್ಕೆ ತಿಪ್ಪೆಯ ಮರಿಯ ಅಣ್ಣತಮ್ಮನಂತೆಯೇ ಇದೆ. ಇರುವುದು ಮಾತ್ರ ಮಣ್ಣಿನಲ್ಲಿ. ಒಂದನ್ನು ತಿಪ್ಪೆಯಲ್ಲಿ ಹುಡುಕಬೇಕು, ಇನ್ನೊಂದನ್ನು ಕಾಂಡದಲ್ಲಿ, ಮತ್ತೊಂದನ್ನು ಬೇರಿನಲ್ಲಿ. ಕುಲ ತಿಳಿಯದವನು ತಿಪ್ಪೆಯನ್ನು ಹಾಗೆಯೇ ಬಿಟ್ಟು ಮರಕ್ಕೆ ಮದ್ದು ಹೊಡೆಯುತ್ತಾನೆ. ಸುಳಿಯಲ್ಲಿ ಕೂತ ದುಂಬಿಯನ್ನು ಕಬ್ಬಿಣದ ಕೊಕ್ಕೆಯಿಂದ ಎಳೆದುಹಾಕುವುದು, ತಿಪ್ಪೆಯನ್ನು ಕೆದಕಿ ಮರಿಗಳನ್ನು ಆಯುವುದು, ಈ ಹಳೆಯ ಎರಡು ಕೆಲಸಗಳು ಇಂದಿಗೂ ಹಳತಾಗಿಲ್ಲ.

ಇದರ ತೌರು ನಮ್ಮದೇ ಸೀಮೆ: ಭಾರತ, ಸಿಂಹಳ, ಅಲ್ಲಿಂದ ಮಲಯ, ಇಂಡೊನೇಷ್ಯ, ಫಿಲಿಪ್ಪೀನ್ಸ್‌ವರೆಗೆ. ಪೆಸಿಫಿಕ್ ಸಾಗರದ ನಡುವಣ ದ್ವೀಪಗಳಿಗೆ ರೆಕ್ಕೆಯ ಬಲದಿಂದಲೇ ಇದು ಮುಟ್ಟಲಾರದು, ಮುಟ್ಟಿಸಿದವರು ಮನುಷ್ಯರು. 1909ರಲ್ಲಿ ಸಿಂಹಳದ ರಬ್ಬರ್ ಸಸಿಗಳೊಡನೆ ಹಡಗನ್ನೇರಿ ಸಮೋವಾದಲ್ಲಿ ಇಳಿಯಿತು. ಯುದ್ಧದ ಕಾಲದಲ್ಲಿ, 1942ರಲ್ಲಿ, ಪಲಾವ್ ದ್ವೀಪಗಳಿಗೆ ಬಂದು, ಹತ್ತು ವರ್ಷಗಳ ಒಳಗೆ ಅಲ್ಲಿಯ ತೆಂಗಿನಲ್ಲಿ ಸುಮಾರು ಅರ್ಧವನ್ನು ಮುಗಿಸಿತು. 1953ರಲ್ಲಿ ಫಿಜಿಯಲ್ಲಿ ಕಾಣಿಸಿಕೊಂಡಿತು. ತೆಂಗೇ ಅನ್ನವೂ ನೆರಳೂ ಆಗಿರುವ ದ್ವೀಪದಲ್ಲಿ ಸುಳಿ ಸತ್ತರೆ ಸಂಸಾರವೇ ಸತ್ತಂತೆ. ನಮಗೆ ರಾಗಿಯಾದರೂ ಇದೆ.

ಆಗ ಒದಗಿದ್ದು ಒಂದು ವೈರಾಣು. ಜರ್ಮನಿಯ ಅಲೋಯಿಸ್ ಹ್ಯೂಗರ್ 1963ರಲ್ಲಿ ಮಲಯದ ದುಂಬಿಗಳಲ್ಲಿ ಅದನ್ನು ಕಂಡುಹಿಡಿದರು. 1967ರಲ್ಲಿ ಸಮೋವಾದಲ್ಲಿ ಬಿಟ್ಟರು. ರೋಗ ತಗುಲಿದ ದುಂಬಿ ತಾನೇ ಹಾರಿಹೋಗಿ ಸಂಗಾತಿಗಳಿಗೆ ರೋಗವನ್ನು ಹಂಚಿತು. ತೆಂಗು ಮರಳಿ ಚಿಗುರಿತು. ನಮ್ಮ ಲಕ್ಷದ್ವೀಪದ ಮಿನಿಕಾಯ್‌ನಲ್ಲಿಯೂ 1980ರ ದಶಕದಲ್ಲಿ ಇದೇ ಉಪಾಯವನ್ನು ಮಾಡಿದರು. ಅದನ್ನು ಓದಿದಾಗ, ಕಥೆ ಇಲ್ಲಿಗೆ ಮುಗಿದರೆ ಎಷ್ಟು ಚೆನ್ನ ಎನಿಸಿತ್ತು ನನಗೆ.

2007ರಲ್ಲಿ ಗುವಾಮ್ ದ್ವೀಪದಲ್ಲಿ ದುಂಬಿ ಕಾಣಿಸಿತು. ವೈರಾಣುವನ್ನು ತಂದು ಬಿಟ್ಟರು. ದುಂಬಿಗೆ ಏನೂ ಆಗಲಿಲ್ಲ. ಅದೇ ಕೊಂಬು, ಅದೇ ಬಣ್ಣ, 1758ರ ಅದೇ ಹೆಸರು. ಕಣ್ಣಿಗೆ ಯಾವ ಭೇದವೂ ಇಲ್ಲ. ಅದರ ಆನುವಂಶಿಕ ದ್ರವ್ಯವನ್ನು ಓದಿನೋಡಿದಾಗಲೇ ಇದು ಬೇರೊಂದು ಕವಲೆಂದು ತಿಳಿದದ್ದು. ಹಾಗಾಗಿ ಇಂದು ಹೊಸ ನೆಲದಲ್ಲಿ ದುಂಬಿ ಸಿಕ್ಕಿತೆಂದರೆ ಅದು ಯಾವ ಜಾತಿಯದೆಂದು ಹೇಳಿದರೆ ಸಾಲದು, ಯಾವ ಕವಲಿನದೆಂದೂ ಹೇಳಬೇಕು. 2013ರಲ್ಲಿ ಹವಾಯಿ, 2015ರಲ್ಲಿ ಸಾಲೊಮನ್ ದ್ವೀಪಗಳು, ಹೀಗೆ ಈ ಕವಲಿನ ಪಯಣ ಸಾಗಿತು. ಗುವಾಮಿನವರು ಮೀನಿನ ಬಲೆಗಳನ್ನು ತಂದು ಕೊಳೆಯುವ ಎಲೆಗುಪ್ಪೆಗಳ ಮೇಲೆ ಹೊದಿಸಿದರು. ಮೊಟ್ಟೆಯಿಡಲು ಬಂದ ದುಂಬಿ ಬಲೆಯ ಕಣ್ಣಿಗೆ ಸಿಕ್ಕಿಬೀಳುತ್ತದೆ.