ಕಾಯಿಲೆ ವಾಸಿಯಾಯಿತು, ಆಮೇಲೆ?

ಒಂದು ಭಾನುವಾರ ಬೆಳಿಗ್ಗೆ ವಕ್ಕಲೇರಿಯ ನಮ್ಮ ಮನೆಯ ಜಗಲಿಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಕುಳಿತ. ಟೊಮೆಟೊ, ಹಿಪ್ಪುನೇರಳೆ ಬೆಳೆಯುವ ರೈತ. ವಯಸ್ಸು ನಲವತ್ತರ ಆಸುಪಾಸು. ಕೈಯಲ್ಲಿ ಆಸ್ಪತ್ರೆಯ ದಪ್ಪ ಫೈಲು. ಅವನ ಹೆಂಡತಿಗೆ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗಿತ್ತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಮುಗಿದು ಎಂಟು ತಿಂಗಳಾಗಿತ್ತು. ‘ಗಡ್ಡೆ ಕರಗಿದೆ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ’ ಎಂದು ವೈದ್ಯರು ಹೇಳಿ ಕಳಿಸಿದ್ದರು.

‘ಮತ್ತೇನಪ್ಪಾ, ಒಳ್ಳೇ ಸುದ್ದಿ ಅಲ್ಲವೇ?’ ಎಂದೆ.

ಅವನು ತಲೆ ತಗ್ಗಿಸಿದ. ನನ್ನ ಹೆಂಡತಿ ಕಾಫಿ ಲೋಟ ಇಟ್ಟು ಒಳಗೆ ಹೋದ ಮೇಲೆ, ‘ಸಾರ್, ಅವಳನ್ನು ಮುಟ್ಟಿದರೆ ನನಗೂ ಬರುತ್ತಾ? ಮನೇಲಿ ಅಮ್ಮ ಅವಳಿಗೆ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಹಾಸಿಗೇನೂ ಬೇರೆ. ಒಂದೆರಡು ಸಲ ಹತ್ತಿರ ಹೋದೆ. ನೋವು ಅಂತ ಅತ್ತುಬಿಟ್ಟಳು. ಈಗ ಮಾತೂ ಕಡಿಮೆಯಾಗಿದೆ’ ಎಂದ.

ಫೈಲು ತಿರುವಿದೆ. ಕೊನೆಯ ಪುಟದಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ, ಡೈಲೇಟರ್ ಬಳಸಲು ಸಲಹೆ ನೀಡಲಾಗಿದೆ ಎಂದು ಇಂಗ್ಲಿಷಿನಲ್ಲಿ ಅರ್ಧ ಸಾಲು ಬರೆದಿತ್ತು. ಹಾಗೆಂದರೇನೆಂದು ಅವನಿಗೆ ಗೊತ್ತಿರಲಿಲ್ಲ. ಬಿ.ಎಸ್ಸಿ., ಬಿ.ಎಡ್. ಮಾಡಿದ ನನಗೂ ಗೊತ್ತಿರಲಿಲ್ಲ.

ಹೊರಡುವಾಗ ಅವನು ಅಂದ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ. ‘ಸಾರ್, ಹತ್ತನೇ ಕ್ಲಾಸಿನಲ್ಲಿ ಆ ಪಾಠವನ್ನು ಮನೇಲಿ ಓದಿಕೊಳ್ಳಿ ಅಂದಿದ್ದಿರಿ. ನಾವ್ಯಾರೂ ಓದಲಿಲ್ಲ.’ ನಿಜ. ಸಂತಾನೋತ್ಪತ್ತಿಯ ಪಾಠ ಬಂದಾಗ ಹೂವಿನ ಪರಾಗಸ್ಪರ್ಶವನ್ನು ಎರಡು ಪೀರಿಯಡ್ ಪಾಠ ಮಾಡಿ, ಮನುಷ್ಯನ ಭಾಗಕ್ಕೆ ಬಂದೊಡನೆ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚುವುದು ವರ್ಷಗಟ್ಟಲೆ ನನ್ನ ಅಭ್ಯಾಸವಾಗಿತ್ತು. ಅಂದು ಹೇಳದೆ ಉಳಿಸಿದ್ದನ್ನು ಈಗ ಬರೆಯುತ್ತಿದ್ದೇನೆ. ಆ ದಂಪತಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಕರೆಂಟು ಮೈಯಲ್ಲಿ ಉಳಿಯುವುದಿಲ್ಲ

ನಮ್ಮ ಕಡೆ ವಿಕಿರಣ ಚಿಕಿತ್ಸೆಗೆ ‘ಕರೆಂಟು ಕೊಡುವುದು’ ಎನ್ನುತ್ತಾರೆ. ಹೆಸರೇ ಅರ್ಧ ಭಯ ಹುಟ್ಟಿಸುತ್ತದೆ. ಕರೆಂಟು ಕೊಟ್ಟ ಮೈ ಮುಟ್ಟಿದರೆ ನಮಗೂ ತಾಕೀತು ಎಂಬ ಅಂಜಿಕೆ.

ವಿದ್ಯಾರ್ಥಿಗಳೇ, ಯೋಚಿಸಿ. ಕೋಣೆಯ ದೀಪ ಆರಿಸಿದ ಮೇಲೆ ಬೆಳಕು ಗೋಡೆಯೊಳಗೆ ಉಳಿದಿರುತ್ತದೆಯೇ? ಕೈ ಮುರಿದಾಗ ಎಕ್ಸ್-ರೇ ತೆಗೆಸಿಕೊಂಡವರನ್ನು ನಾವು ದೂರ ಕೂರಿಸುತ್ತೇವೆಯೇ? ಹೊರಗಿನಿಂದ ಯಂತ್ರದ ಮೂಲಕ ಕೊಡುವ ವಿಕಿರಣವೂ ಅಷ್ಟೆ. ಯಂತ್ರ ನಿಂತ ಕ್ಷಣವೇ ಕಿರಣ ನಿಲ್ಲುತ್ತದೆ. ಗರ್ಭಕಂಠದ ಕ್ಯಾನ್ಸರ್‌ಗೆ ಇದರ ಜೊತೆ ವಿಕಿರಣದ ಮೂಲವನ್ನು ಸ್ವಲ್ಪ ಹೊತ್ತು ದೇಹದೊಳಗೇ ಇಟ್ಟು ಚಿಕಿತ್ಸೆ ಮಾಡುವುದೂ ಉಂಟು. ಅದನ್ನು ಹೊರತೆಗೆದ ಮೇಲೆ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಅಂಥ ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು, ಗಂಡನ ಪಕ್ಕದಲ್ಲಿ ಮಲಗಬಹುದು.

ಕ್ಯಾನ್ಸರ್ ಅಂಟುರೋಗವಲ್ಲ. ಆದರೆ ವಿಜ್ಞಾನದ ಮೇಷ್ಟ್ರು ಅರ್ಧ ಸತ್ಯ ಹೇಳಬಾರದು. ಗರ್ಭಕಂಠದ ಕ್ಯಾನ್ಸರ್‌ಗೆ ಬಹುತೇಕ ಎಲ್ಲ ಪ್ರಕರಣಗಳಲ್ಲೂ ಎಚ್.ಪಿ.ವಿ. ಎಂಬ ವೈರಸ್ ಮೂಲ. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಅದು ಎಷ್ಟು ಸಾಮಾನ್ಯವೆಂದರೆ ಸಂಸಾರ ಮಾಡುವ ಹೆಚ್ಚಿನ ಗಂಡಸರು, ಹೆಂಗಸರಿಗೆ ಒಂದಲ್ಲ ಒಂದು ಕಾಲದಲ್ಲಿ ತಗುಲಿಯೇ ಇರುತ್ತದೆ. ಬಹುಪಾಲು ಮಂದಿಯಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಇದ್ದು ಕ್ಯಾನ್ಸರ್ ಆಗುತ್ತದೆ. ಆದ್ದರಿಂದ ಕಾಯಿಲೆ ಬಂದಾಕ್ಷಣ ಗಂಡ ಹೆಂಡತಿಯ ಮೇಲೆ, ಹೆಂಡತಿ ಗಂಡನ ಮೇಲೆ ಸಂಶಯಪಡುವುದಕ್ಕೆ ಅರ್ಥವಿಲ್ಲ. ಇಷ್ಟು ವರ್ಷ ಜೊತೆಗಿದ್ದ ಗಂಡನಿಗೆ ಈಗ ಹೊಸದಾಗಿ ಬರುವ ಅಪಾಯವೆಂದು ಹೆದರಬೇಕಾಗಿಯೂ ಇಲ್ಲ. ದಾಂಪತ್ಯ ಮುಂದುವರಿಸಿದರೆ ಗಡ್ಡೆ ಮರುಕಳಿಸುತ್ತದೆ ಎಂಬುದೂ ಸುಳ್ಳು.

ನೋವು ಏಕೆ?

ಕ್ಯಾನ್ಸರ್ ಕೋಶಗಳು ವೇಗವಾಗಿ ವಿಭಜನೆಗೊಳ್ಳುತ್ತವೆ. ವಿಕಿರಣ ಅವುಗಳನ್ನು ಕೊಲ್ಲುವಾಗ ಅಕ್ಕಪಕ್ಕದ ಆರೋಗ್ಯವಂತ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಯೋನಿಯ ಒಳಪದರ ತೆಳುವಾಗುತ್ತದೆ, ರಕ್ತನಾಳಗಳು ಕಿರಿದಾಗುತ್ತವೆ. ಹಿಗ್ಗುವ ಗುಣವಿದ್ದ ಗೋಡೆ ಸುಟ್ಟ ಗಾಯದ ಕಲೆಯಂತೆ ಬಿಗಿಯಾಗುತ್ತದೆ. ಎರಡು ಬದಿಯ ಗೋಡೆಗಳು ಅಂಟಿಕೊಂಡು ದಾರಿ ಕಿರಿದಾಗಿ ಗಿಡ್ಡವಾಗುವುದೂ ಉಂಟು. ಅಂಡಾಶಯಗಳು ಕೆಲಸ ನಿಲ್ಲಿಸುವುದರಿಂದ ಮೂವತ್ತೈದು, ನಲವತ್ತಕ್ಕೇ ಮುಟ್ಟು ನಿಲ್ಲುತ್ತದೆ. ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಒಣಗುವಿಕೆ ಶುರುವಾಗುತ್ತದೆ. ಇಂಥ ಸ್ಥಿತಿಯಲ್ಲಿ ಹೆಂಡತಿ ನೋವೆಂದು ಅತ್ತರೆ ಅದು ಗಂಡನ ಮೇಲಿನ ಬೇಸರದಿಂದ ಅಲ್ಲ. ಅವಳ ದೇಹಕ್ಕೆ ನಿಜವಾಗಿಯೂ ಗಾಯವಾಗಿದೆ.

ಸ್ತನ ಕ್ಯಾನ್ಸರ್ ಆದವರಲ್ಲಿ ಕತೆ ಸ್ವಲ್ಪ ಬೇರೆ. ಶಸ್ತ್ರಕ್ರಿಯೆಯಾದ ಜಾಗ ಮರಗಟ್ಟಿರುತ್ತದೆ, ಕನ್ನಡಿ ನೋಡಲು ಮನಸ್ಸಾಗುವುದಿಲ್ಲ. ವರ್ಷಗಟ್ಟಲೆ ನುಂಗುವ ಹಾರ್ಮೋನು ತಡೆಯುವ ಮಾತ್ರೆಗಳಿಂದಲೂ ಒಣಗುವಿಕೆ ಬರಬಹುದು. ಗಂಡಸರಿಗೂ ಇದು ತಪ್ಪಿದ್ದಲ್ಲ. ಪ್ರಾಸ್ಟೇಟ್ ಗ್ರಂಥಿಯ ಎರಡೂ ಬದಿಯಲ್ಲಿ ನಿಮಿರುವಿಕೆಗೆ ಬೇಕಾದ ನರಗಳು ಹಾದುಹೋಗುತ್ತವೆ. ಶಸ್ತ್ರಕ್ರಿಯೆಯಲ್ಲಿ ಅವು ನೊಂದರೆ ಶಕ್ತಿ ಮರಳಲು ಒಂದೆರಡು ವರ್ಷವೂ ಹಿಡಿಯಬಹುದು, ಕೆಲವರಲ್ಲಿ ಪೂರ್ತಿ ಮರಳದೆಯೂ ಇರಬಹುದು. ಇದಕ್ಕೆ ಮಾತ್ರೆಗಳಿವೆ. ಆದರೆ ಹೃದಯಕ್ಕೆಂದು ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಅವು ಪ್ರಾಣಾಪಾಯ ತರಬಲ್ಲವು. ಪೇಟೆಯ ಅಂಗಡಿಯಲ್ಲಿ ಗುಟ್ಟಾಗಿ ಕೊಂಡು ನುಂಗುವುದು ಬೇಡ.

ಹತ್ತು ನಿಮಿಷದ ಮಾತು

ನನ್ನ ವಿದ್ಯಾರ್ಥಿಗೆ ನಾನು ಮಾಡಿದ ಉಪಕಾರ ಒಂದೇ. ‘ಮುಂದಿನ ತಪಾಸಣೆಗೆ ಇಬ್ಬರೂ ಹೋಗಿ. ಈ ಅರ್ಧ ಸಾಲಿನ ಮೇಲೆ ಬೆರಳಿಟ್ಟು ಕೇಳಿ’ ಎಂದೆ. ನನ್ನ ಹೆಂಡತಿ ಆ ಹೆಣ್ಣುಮಗಳ ಬಳಿ ಕೂತು ಧೈರ್ಯ ಹೇಳಿದಳು. ಅವರು ಹೋಗಿ ಕೇಳಿದರು. ವೈದ್ಯೆಯೊಬ್ಬರು ಬಾಗಿಲು ಹಾಕಿಕೊಂಡು ಕನ್ನಡದಲ್ಲೇ ಹತ್ತು ನಿಮಿಷ ವಿವರಿಸಿದರಂತೆ. ಎಂಟು ತಿಂಗಳು ಒಂದು ಮನೆಯನ್ನು ಮೂಕವಾಗಿಸಿದ್ದ ವಿಷಯಕ್ಕೆ ಹತ್ತು ನಿಮಿಷ ಸಾಕಾಯಿತು! ಅಲ್ಲಿ ಹೇಳಿದ್ದರ ಸಾರಾಂಶ, ನಾನು ಆಮೇಲೆ ಓದಿ ತಿಳಿದುಕೊಂಡದ್ದರೊಡನೆ, ಹೀಗಿದೆ.

ಡೈಲೇಟರ್ ಎಂದರೆ ಪ್ಲಾಸ್ಟಿಕ್ ಅಥವಾ ಸಿಲಿಕೋನಿನ ನುಣುಪಾದ, ದುಂಡನೆಯ ಕಡ್ಡಿ. ಬೆರಳಿನಷ್ಟು ಸಣ್ಣದರಿಂದ ಹಿಡಿದು ಬೇರೆ ಬೇರೆ ಅಳತೆಗಳಲ್ಲಿ ಸಿಗುತ್ತದೆ. ವಿಕಿರಣ ಮುಗಿದು ಕೆಲವು ವಾರಗಳ ನಂತರ, ಉರಿ ಊತ ಇಳಿದಿದೆ ಎಂದು ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆ, ಅತಿ ಸಣ್ಣ ಅಳತೆಯಿಂದ ಶುರುಮಾಡಬೇಕು. ನೀರಿನಲ್ಲಿ ಕರಗುವ ಜೆಲ್ ಹಚ್ಚಿಕೊಂಡು, ವಾರಕ್ಕೆ ಎರಡು ಮೂರು ಬಾರಿ, ಐದು ಹತ್ತು ನಿಮಿಷ ನಿಧಾನವಾಗಿ ಬಳಸಬೇಕು. ಬಲವಂತ ಕೂಡದು. ಮುರಿದ ಮೊಣಕೈಯ ಪಟ್ಟಿ ಬಿಚ್ಚಿದ ಮೇಲೆ ದಿನವೂ ಮಡಿಸಿ ಚಾಚಿ ವ್ಯಾಯಾಮ ಮಾಡುವುದಿಲ್ಲವೇ? ಇದೂ ಹಾಗೆಯೇ. ತಡವಾಗಿ ಶುರುಮಾಡಿದವರಿಗೆ ಹೆಚ್ಚು ದಿನ ಹಿಡಿಯಬಹುದು. ಗಂಡನಿಲ್ಲದವರಿಗೂ, ಸಂಸಾರದ ಆಸೆ ಸಾಕೆನಿಸಿದವರಿಗೂ ಇದರ ಅಗತ್ಯವುಂಟು. ದಾರಿ ಮುಚ್ಚಿಕೊಂಡರೆ ಮುಂದಿನ ತಪಾಸಣೆಯಲ್ಲಿ ವೈದ್ಯರು ಒಳಗೆ ನೋಡುವುದೇ ಕಷ್ಟವಾಗುತ್ತದೆ.

ಒಣಗುವಿಕೆಗೆ ಎರಡು ಬಗೆಯ ಜೆಲ್‌ಗಳಿವೆ. ವಾರಕ್ಕೆ ಎರಡು ಮೂರು ಬಾರಿ ಹಚ್ಚಿ ತೇವ ಉಳಿಸಿಕೊಳ್ಳುವಂಥದು ಒಂದು, ಕೂಡುವ ವೇಳೆಗೆ ಮಾತ್ರ ಬಳಸುವ ಜಾರುವ ಜೆಲ್ ಇನ್ನೊಂದು. ಎಣ್ಣೆ ಹಚ್ಚಿದರೆ ರಬ್ಬರಿನ ನಿರೋಧ್ ಹರಿಯುತ್ತದೆ. ಸುವಾಸನೆಯ ಸೋಪು, ಕ್ರಿಮಿನಾಶಕ ದ್ರಾವಣಗಳಿಂದ ಒಳಗೆ ತೊಳೆಯುವುದು ಉರಿಯನ್ನು ಹೆಚ್ಚಿಸುತ್ತದೆ. ಈಸ್ಟ್ರೋಜನ್ ಮುಲಾಮು ಗರ್ಭಕಂಠದ ಕ್ಯಾನ್ಸರ್ ಆದ ಅನೇಕರಿಗೆ ಉಪಯೋಗಕ್ಕೆ ಬರುತ್ತದೆ. ಸ್ತನ ಕ್ಯಾನ್ಸರ್ ಆದವರು ಮಾತ್ರ ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಯಾವಾಗ ಮತ್ತೆ ಕೂಡಬಹುದು? ವಿಕಿರಣದ ನಂತರ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಗರ್ಭಕೋಶದ ದೊಡ್ಡ ಶಸ್ತ್ರಕ್ರಿಯೆಯ ನಂತರ ಆರರಿಂದ ಎಂಟು ವಾರ ಕಾಯಲು ಹೇಳುತ್ತಾರೆ. ಕೊನೆಯ ಮಾತು ವೈದ್ಯರದು. ಕೀಮೋ ಔಷಧಿ ನಡೆಯುತ್ತಿರುವಾಗ ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕು. ಮುಂದೆ ಮಕ್ಕಳು ಬೇಕೆನ್ನುವವರು ಚಿಕಿತ್ಸೆ ಆರಂಭವಾಗುವ ಮೊದಲೇ ಕೇಳಬೇಕು. ವೀರ್ಯ ಅಥವಾ ಅಂಡವನ್ನು ಕಾಪಿಡುವ ವ್ಯವಸ್ಥೆ ಈಗ ಇದೆ.

ಮೊದಲ ಕೆಲವು ವಾರ ಕೂಡುವ ಗೊಡವೆಯೇ ಬೇಡ. ಕೈ ಹಿಡಿಯುವುದು, ತಲೆ ನೇವರಿಸುವುದು, ಪಕ್ಕದಲ್ಲಿ ಮಲಗಿ ಮಾತಾಡುವುದು, ಇಷ್ಟರಿಂದ ಶುರುವಾಗಲಿ. ಮುಂದೆ ನೋವು ಮಾಡುವ ಪ್ರಯತ್ನವಿಲ್ಲ ಎಂಬ ನಂಬಿಕೆ ಬಂದರೆ ಬಿಗಿದ ಸ್ನಾಯುಗಳೂ ಸಡಿಲುತ್ತವೆ. ಆಮೇಲೂ ಆಳ ಮತ್ತು ವೇಗ ಹೆಂಡತಿಯ ಹತೋಟಿಯಲ್ಲಿರಲಿ. ಅವಳು ‘ಸಾಕು’ ಎಂದರೆ ಅಲ್ಲಿಗೇ ಸಾಕು. ಸ್ವಲ್ಪ ರಕ್ತದ ಕಲೆ ಕಾಣಿಸಿಕೊಂಡರೆ ಹೆದರಬೇಕಿಲ್ಲ, ಮುಂದಿನ ಭೇಟಿಯಲ್ಲಿ ತಿಳಿಸಿ. ಹೆಚ್ಚು ರಕ್ತ, ದುರ್ವಾಸನೆಯ ಸ್ರಾವ, ಹೆಚ್ಚುತ್ತಲೇ ಹೋಗುವ ನೋವು ಇದ್ದರೆ ತಪಾಸಣೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಟ್ರಂಕಿನೊಳಗಿನ ಪುಸ್ತಕ

ನನ್ನ ಮದುವೆಗೆ ಗೆಳೆಯನೊಬ್ಬ ಡಾ. ಅನುಪಮಾ ನಿರಂಜನ ಅವರ ‘ದಾಂಪತ್ಯ ದೀಪಿಕೆ’ ಉಡುಗೊರೆ ಕೊಟ್ಟಿದ್ದ. ಕ್ಯಾಲೆಂಡರ್ ಕಾಗದದ ರಟ್ಟು ಹಾಕಿ ಟ್ರಂಕಿನ ತಳದಲ್ಲಿ ಇಟ್ಟಿದ್ದೆವು. ಗಂಡ ಹೆಂಡಿರ ಸಂಬಂಧದ ಬಗ್ಗೆ ಕನ್ನಡದಲ್ಲಿ ಸಂಕೋಚವಿಲ್ಲದೆ, ಅಸಹ್ಯವೂ ಇಲ್ಲದೆ ಬರೆಯಬಹುದೆಂದು ತೋರಿಸಿಕೊಟ್ಟ ವೈದ್ಯೆ ಅವರು. 1991ರಲ್ಲಿ ಅವರು ತೀರಿಕೊಂಡದ್ದು ಕ್ಯಾನ್ಸರ್‌ನಿಂದಲೇ. ಅಂದಿನಿಂದ ಚಿಕಿತ್ಸೆ ಎಷ್ಟೋ ಮುಂದುವರಿದಿದೆ. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಆರಂಭವಾದ ಕಾಲದಲ್ಲಿ ಕ್ಯಾನ್ಸರ್ ಎಂದರೆ ಹಳ್ಳಿಗಳಲ್ಲಿ ಸಾವೆಂದೇ ಅರ್ಥ. ಈಗ ಬೇಗ ಪತ್ತೆಯಾದ ಎಷ್ಟೋ ಜನ ಗುಣವಾಗಿ ಮನೆಗೆ ಬರುತ್ತಾರೆ. ಬಂದ ಮೇಲೆ ಹೇಗೆ ಬದುಕಬೇಕೆಂಬ ಮಾತು ಮಾತ್ರ ಇನ್ನೂ ಟ್ರಂಕಿನ ತಳದಲ್ಲೇ ಇದೆ.

ಅತ್ತೆಯರಿಗೆ, ಅಮ್ಮಂದಿರಿಗೆ ಒಂದು ಬಿನ್ನಹ. ‘ಬದುಕಿದ್ದೇ ಹೆಚ್ಚು, ಇನ್ನು ಅದೆಲ್ಲ ಯಾಕೆ?’ ಎನ್ನಬೇಡಿ. ನಮ್ಮ ಹಳ್ಳಿ ಮನೆಗಳಲ್ಲಿ ಕೋಣೆಗಳು ಕಡಿಮೆ. ಕಾಯಿಲೆಯಾದವಳ ಹಾಸಿಗೆ ಒಮ್ಮೆ ನಡುಮನೆಗೆ ಬಂದರೆ ಮತ್ತೆ ಕೋಣೆಗೆ ಹೋಗುವುದೇ ಇಲ್ಲ. ಬೇರೆ ತಟ್ಟೆ ತೆಗೆದುಹಾಕಿ, ಹಾಸಿಗೆಯನ್ನು ಕೋಣೆಗೆ ಕಳಿಸಿ. ಮಕ್ಕಳೇ, ಅಮ್ಮನ ಲೋಟದಲ್ಲಿ ನೀರು ಕುಡಿಯಲು ಹಿಂಜರಿಯಬೇಡಿ.

ಹೆಣ್ಣುಮಕ್ಕಳ ತಂದೆತಾಯಿ ಕೇಳಿ

ಜಾಗತಿಕ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಹೊಸದಾಗಿ ಬಂತು. ಸುಮಾರು 80 ಸಾವಿರ ಮಂದಿ ತೀರಿಕೊಂಡರು. ಇದರಲ್ಲಿ ಬಹುಪಾಲನ್ನು ತಡೆಯಬಹುದು. 9ರಿಂದ 14 ವರ್ಷದೊಳಗೆ ಎಚ್.ಪಿ.ವಿ. ಲಸಿಕೆ ಹಾಕಿಸಿದರೆ ಒಳ್ಳೆಯ ರಕ್ಷಣೆ. ಈ ವಯಸ್ಸಿನಲ್ಲಿ ಒಂದು ಅಥವಾ ಎರಡು ಡೋಸು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮ ದೇಶದಲ್ಲೇ ತಯಾರಾದ ಲಸಿಕೆಯೂ ಇದೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮೂವತ್ತು ದಾಟಿದ ತಾಯಂದಿರು ತೊಂದರೆ ಇಲ್ಲದಿದ್ದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಬೇಕು. ಮುಟ್ಟು ನಿಂತ ಮೇಲೆ ಅಥವಾ ಕೂಡಿದ ಮೇಲೆ ರಕ್ತ ಕಂಡರೆ ಮುಚ್ಚಿಡಬಾರದು.

ಐದು ತಿಂಗಳ ನಂತರ ನನ್ನ ವಿದ್ಯಾರ್ಥಿ ಒಂದು ಕ್ರೇಟು ಟೊಮೆಟೊ ತಂದು ಜಗಲಿಯ ಮೇಲಿಟ್ಟ. ನಾನೇನೂ ಕೇಳಲಿಲ್ಲ. ಅವನೇ ಅಂದ: ‘ಪೂರ್ತಿ ಮೊದಲಿನ ಹಾಗಿಲ್ಲ ಸಾರ್. ಆದರೆ ಅವಳು ಈಗ ಹೆದರಲ್ಲ. ರಾತ್ರಿ ಮಾತಾಡ್ತಾ ಮಾತಾಡ್ತಾ ನಿದ್ದೆ ಬರುತ್ತೆ. ಅಮ್ಮ ತಟ್ಟೆ ಒಂದೇ ಮಾಡಿದ್ದಾರೆ.’

ಈ ವರ್ಷ ಆ ಪಾಠ ಬಂದಾಗ ತರಗತಿಯ ಬಾಗಿಲು ತೆರೆದಿಟ್ಟೇ ಚಿತ್ರ ಬರೆದೆ. ಮೊದಲು ಹಿಂದಿನ ಬೆಂಚಿನಲ್ಲಿ ಸ್ವಲ್ಪ ನಗು. ಆಮೇಲೆ ಹುಡುಗಿಯೊಬ್ಬಳು ಎದ್ದು, ‘ಸಾರ್, ನಮ್ಮ ಅಮ್ಮನಿಗೂ ಪರೀಕ್ಷೆ ಮಾಡಿಸಬಹುದಾ?’ ಎಂದು ಕೇಳಿದಳು. ಉಳಿದವರು ನಗು ನಿಲ್ಲಿಸಿ ಉತ್ತರಕ್ಕೆ ಕಾದರು.